ಕಾಡಿನ ಅಶೋಕವನ್ನು ಗುರುತಿಸುವುದು ಹೇಗೆ?

ರಸ್ತೆ ಬದಿಯಲ್ಲಿ, ಕಾಂಪೌಂಡ್ ಪಕ್ಕದಲ್ಲಿ ಸಾಲಾಗಿ ನಿಂತು, ಕೊಂಬೆಗಳನ್ನು ಕೆಳಕ್ಕೆ ಇಳಿಬಿಟ್ಟ ಎತ್ತರದ ಮರವನ್ನೇ ಹೆಚ್ಚಿನವರು ಅಶೋಕ ಅಂದುಕೊಂಡಿದ್ದಾರೆ. ಅದು ಸೀತಾಫಲದ ಕುಟುಂಬಕ್ಕೆ ಸೇರಿದ ಮರ. ನಿಜವಾದ ಅಶೋಕ, ಅಂದರೆ ಸರಾಕಾ ಅಸೋಕ, ಹುಣಸೆಯ ನೆಂಟ. ಮರದ ಕೆಳಗೆ ಸ್ವಲ್ಪ ಹೊತ್ತು ನಿಂತು ನೋಡಿದರೆ ವ್ಯತ್ಯಾಸ ಸಿಕ್ಕಿಬಿಡುತ್ತದೆ.

ಮೊದಲು ಎಲೆ ನೋಡಿ. ಹೂವು ವರ್ಷವಿಡೀ ಸಿಗುವುದಿಲ್ಲ, ಎಲೆ ಸಿಗುತ್ತದೆ ಅಲ್ವಾ? ಸಾಲುಮರದ್ದು ಬಿಡಿ ಎಲೆ, ಅಂಚು ಅಲೆಅಲೆಯಾಗಿರುತ್ತದೆ. ಅಶೋಕದ್ದು ಸಂಯುಕ್ತ ಎಲೆ. ಒಂದೇ ಕಡ್ಡಿಯ ಎರಡೂ ಬದಿಗೆ ಕಿರುಎಲೆಗಳು, ಸಾಮಾನ್ಯವಾಗಿ 4ರಿಂದ 6 ಜೋಡಿ. ತುದಿಯಲ್ಲಿ ಒಂಟಿ ಎಲೆ ಇರುವುದಿಲ್ಲ. ಕಿರುಎಲೆ ಯಾವುದು, ಪೂರ್ತಿ ಎಲೆ ಯಾವುದು ಎಂದು ಗೊಂದಲವಾದರೆ ಮೊಗ್ಗು ಹುಡುಕಿ. ಕಡ್ಡಿಯು ಕೊಂಬೆಗೆ ಸೇರುವ ಕಂಕುಳಲ್ಲಿ ಮೊಗ್ಗು ಇರುತ್ತದೆ, ಕಿರುಎಲೆಯ ಬುಡದಲ್ಲಿ ಇರುವುದಿಲ್ಲ.

ಚಿಗುರಿನ ಕಾಲವಾದರೆ ಇಷ್ಟು ಕಷ್ಟವೂ ಬೇಡ. ತಾಮ್ರಗೆಂಪಿನ ಎಳೆ ಎಲೆಗಳು ಹಿಂಡಿ ಹಾಕಿದ ಬಟ್ಟೆಯ ಹಾಗೆ ಜೋತು ಬಿದ್ದಿರುತ್ತವೆ. ಬಾಡಿವೆ ಅಂದುಕೊಳ್ಳಬೇಡಿ. ಹಸಿರು ಬಣ್ಣವೂ ಬಿಗಿಯೂ ಅವಕ್ಕೆ ತಡವಾಗಿ ಬರುತ್ತವೆ, ಅಷ್ಟೆ.

ಇನ್ನು ಹೂವು. ನನಗಂತೂ ಈ ಮರದಲ್ಲಿ ಅತಿ ಸೋಜಿಗದ ಭಾಗ ಇದೇ. ಸಾಮಾನ್ಯವಾಗಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೋದರೆ ದಟ್ಟ ಗೊಂಚಲುಗಳು ಕಾಣುತ್ತವೆ. ತುದಿಗಳನ್ನಷ್ಟೇ ನೋಡಿ ಬರಬೇಡಿ, ಹಳೆಯ ಕೊಂಬೆಗಳ ತೊಗಟೆಯಿಂದಲೇ ಹೂವು ಒಡೆದಿರುತ್ತದೆ. ಬಿದ್ದ ಹೂವೊಂದನ್ನು ಅಂಗೈಯಲ್ಲಿಟ್ಟು ದಳ ಹುಡುಕಿ. ಸಿಗುವುದಿಲ್ಲ! ದಳದಂತೆ ಕಾಣುವ ನಾಲ್ಕು ಎಸಳುಗಳು ಪುಷ್ಪಪಾತ್ರೆಯವು, ಅಂದರೆ ಹೂವಿನ ಹೊರಗಿನ ಹೊದಿಕೆಯವು. ಅದರ ಕೆಳಭಾಗ ಸಣ್ಣ ಕೊಳವೆಯಾಗಿರುತ್ತದೆ. ಅದರ ಬಾಯಿಂದ ಉದ್ದನೆಯ ಕೇಸರಗಳು ಹೊರಚಾಚಿರುತ್ತವೆ, ಹೆಚ್ಚಾಗಿ 7 ಅಥವಾ 8. ಹೊಸ ಹೂವು ಹಳದಿ-ಕಿತ್ತಳೆ, ಹಳತಾದಂತೆ ಕೆಂಪು. ಹಾಗಾಗಿ ಒಂದೇ ಗೊಂಚಲಲ್ಲಿ ಎಲ್ಲ ಬಣ್ಣವೂ ಇರುತ್ತದೆ. ಸಾಲುಮರದ ಹೂವು ತಿಳಿಹಸಿರು, ಎಲೆ ನಡುವೆ ಗಮನಕ್ಕೇ ಬರುವುದಿಲ್ಲ.

ಕಾಯಿ ಚಪ್ಪಟೆ, ಅವರೆ ಜಾತಿಯ ಗಿಡಗಳಂತೆ ಬೀಜ ಸಾಲಾಗಿ ಒಳಗಿರುತ್ತದೆ.

ಕಾಡಲ್ಲಿ ಹುಡುಕುವುದಾದರೆ ಪಶ್ಚಿಮ ಘಟ್ಟದ ನಿತ್ಯಹಸಿರು ಕಾಡಿನ ಹಳ್ಳದ ಗುಂಟ ನಡೆಯಿರಿ. ತಗ್ಗಿನ ಜಾಗ, ನೆರಳು, ಆರದ ತೇವ, ಇವು ಇದಕ್ಕೆ ಬೇಕು. ಮುಗಿಲು ಮುಟ್ಟುವ ಮರವಲ್ಲ, ದೊಡ್ಡ ಮರಗಳ ಅಡಿಯಲ್ಲಿ ಬೆಳೆಯುವಂಥದ್ದು. ತಲೆ ಎತ್ತಿ ನೋಡುತ್ತಾ ಹೋದರೆ ತಪ್ಪಿಸಿಕೊಳ್ಳುತ್ತದೆ. ಕಂಡಾಗ ತೊಗಟೆ ಮಾತ್ರ ಕೆರೆಯಬೇಡಿ. ಔಷಧಿಗಾಗಿ ತೊಗಟೆ ಸುಲಿದೂ ಸುಲಿದೂ ಕಾಡಿನಲ್ಲಿ ಈ ಮರ ಕಡಿಮೆಯಾಗಿದೆ. ಅಳಿವಿನ ಅಪಾಯದಲ್ಲಿರುವ ಜೀವಿಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲೂ ಇದರ ಹೆಸರಿದೆ.

ಮನೆಯಲ್ಲಿ ಬೆಳೆಸುವ ಆಸೆಯಿದ್ದರೆ ಮಾಗಿದ ಬೀಜವನ್ನು ಒಣಗಿಸಿ ಇಡದೆ ತಾಜಾ ಇರುವಾಗಲೇ ಬಿತ್ತಿ. ಸಸಿಗೆ ಅರೆನೆರಳು ಕೊಡಿ. ಬೇಸಿಗೆಯಲ್ಲಿ ಬುಡ ಒಣಗಲು ಬಿಡಬೇಡಿ.