ಕೋಹಾದಿಂದ ಮೇಲ್ ಹೋಗುತ್ತಿಲ್ಲವೇ? ಪೋರ್ಟ್ ಹೊಂದಿಸುವುದು ಹೀಗೆ

'ಮೇಡಂ, ಪುಸ್ತಕ ವಾಪಸ್ ಕೊಡಿ ಅಂತ ಮೇಲೇ ಬಂದಿಲ್ಲ.' ಸೆಮಿಸ್ಟರ್ ಕೊನೆಯಲ್ಲಿ ಕೌಂಟರಿನ ಮುಂದೆ ಈ ಮಾತು ತಪ್ಪುವುದಿಲ್ಲ. ಹೆಚ್ಚಿನ ಸಲ ಹುಡುಗರು ಹೇಳುವುದು ನಿಜವೇ ಆಗಿರುತ್ತದೆ. ಲೈಬ್ರರಿ ನಡೆಸುವ ತಂತ್ರಾಂಶ ಕೋಹಾ ಮೇಲ್ ಬರೆದಿಟ್ಟಿರುತ್ತದೆ, ಅದು ನಮ್ಮ ಸರ್ವರ್ ದಾಟಿ ಹೋಗಿರುವುದಿಲ್ಲ. ದಂಡ ಮಾತ್ರ ಹುಡುಗರೇ ಕಟ್ಟಬೇಕು.

ಪರಿಚಯದ ಗ್ರಂಥಪಾಲಕರು ಕರೆದಾಗ ನಾನು ಹೋಗಿ ನೋಡಿದ ಕಡೆಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ತಪ್ಪು. ಪೋರ್ಟ್ ಸಂಖ್ಯೆ (ಮೇಲ್ ಹೋಗುವ ಬಾಗಿಲಿನ ನಂಬರ್) ಒಂದು, ಅದರ ಜೊತೆಗೆ ಆರಿಸಿದ ಎಸ್‌ಎಸ್‌ಎಲ್ (ಮಾತನ್ನು ಗೂಢಲಿಪಿ ಮಾಡುವ ಬಗೆ) ಇನ್ನೊಂದು. ಅದನ್ನು ಸರಿಮಾಡಲು ಎರಡು ನಿಮಿಷ ಸಾಕು. ಗೊತ್ತಿಲ್ಲದಿದ್ದರೆ ಎರಡು ತಿಂಗಳೂ ಹಿಡಿಯುತ್ತದೆ.

ಮೊದಲು ರೋಗ ಯಾವುದು ನೋಡಿ

ಯಾರಾದರೂ ಒಬ್ಬ ಸದಸ್ಯರ ಪುಟ ತೆರೆದು 'ನೋಟಿಸಸ್' ಒತ್ತಿ. ಮೇಲ್‌ಗಳ ಪಕ್ಕ 'ಫೇಲ್ಡ್' ಅಂತಿದ್ದರೆ ಈ ಲೇಖನ ನಿಮಗೇ. ಅರ್ಧ ಗಂಟೆಯಾದರೂ 'ಪೆಂಡಿಂಗ್' ಅಂತಲೇ ಇದ್ದರೆ ಪೋರ್ಟ್ ಮುಟ್ಟಬೇಡಿ. ಕೋಹಾ 15 ನಿಮಿಷಕ್ಕೊಮ್ಮೆ ಮೇಲ್ ಸಾಲನ್ನು ಕಳಿಸಲು ಹೊರಡುತ್ತದೆ. ಆದರೆ ಮೇಲ್ ಸೌಲಭ್ಯ ಆನ್ ಮಾಡಿರುವ ಲೈಬ್ರರಿಗಳಿಗೆ ಮಾತ್ರ. ಸರ್ವರಿನಲ್ಲಿ 'ಕೋಹಾ-ಈಮೇಲ್-ಎನೇಬಲ್' ಕಮಾಂಡ್ ಕೊಟ್ಟೇ ಇಲ್ಲದಿದ್ದರೆ ಸಾಲು ಕದಲುವುದೇ ಇಲ್ಲ. ಇನ್‌ಸ್ಟಾಲ್ ಮಾಡಿಕೊಟ್ಟವರು ಇದನ್ನು ಮರೆಯುವುದು ಜಾಸ್ತಿ.

ಖಾತೆ

ಲೈಬ್ರರಿಗೇ ಅಂತ ಒಂದು ಮೇಲ್ ಖಾತೆ ಮಾಡಿ. ನಿಮ್ಮ ಸ್ವಂತದ್ದು ಖಂಡಿತ ಬೇಡ. ನೀವು ವರ್ಗವಾಗಿ ಹೋದ ಮೇಲೆ ಪಾಸ್‌ವರ್ಡ್ ಬದಲಾಯಿಸಿದ ದಿನವೇ ಅಲ್ಲಿ ಮೇಲ್ ನಿಂತುಹೋಗುತ್ತದೆ.

ಜಿಮೇಲ್ ಆದರೆ ಎರಡು ಹಂತದ ಪರಿಶೀಲನೆ ಆನ್ ಮಾಡಿ, 'ಆ್ಯಪ್ ಪಾಸ್‌ವರ್ಡ್' (ಕೋಹಾದಂಥ ತಂತ್ರಾಂಶಕ್ಕೆಂದೇ ಕೊಡುವ ಬೇರೆ ಪಾಸ್‌ವರ್ಡ್) ಪಡೆಯಿರಿ. 16 ಅಕ್ಷರ ಇರುತ್ತದೆ, ನಾಲ್ಕು ನಾಲ್ಕಾಗಿ ಬಿಡಿಸಿ ತೋರಿಸುತ್ತದೆ. ಕೋಹಾದಲ್ಲಿ ಹಾಕುವಾಗ ನಡುವಿನ ಖಾಲಿ ಜಾಗ ತೆಗೆಯಿರಿ. 'ಲೆಸ್ ಸೆಕ್ಯೂರ್ ಆ್ಯಪ್ಸ್ ಆನ್ ಮಾಡಿ' ಅನ್ನುವ ಹಳೆಯ ವಿಡಿಯೊಗಳನ್ನು ನಂಬಬೇಡಿ. ಸಾಮಾನ್ಯ ಖಾತೆಗಳಿಗೆ ಆ ದಾರಿಯನ್ನು ಗೂಗಲ್ 2022ರಲ್ಲೇ ಮುಚ್ಚಿದೆ. ಸಾಮಾನ್ಯ ಜಿಮೇಲ್‌ಗೆ ದಿನಕ್ಕೆ 500 ಮೇಲ್‌ಗಳ ಮಿತಿಯೂ ಇದೆ. ದೊಡ್ಡ ಕಾಲೇಜಾದರೆ ಕಾಲೇಜಿನದೇ ಡೊಮೇನ್ ಇರುವ ಖಾತೆ ಕೇಳಿ ಪಡೆಯಿರಿ.

ಪೋರ್ಟ್

ಕೋಹಾ 20.11 ಆವೃತ್ತಿಯಿಂದ ಇದನ್ನು ಸ್ಕ್ರೀನಿನಲ್ಲೇ ಮಾಡಬಹುದು. 'ಅಡ್ಮಿನಿಸ್ಟ್ರೇಷನ್' ಒಳಗೆ 'ಎಸ್‌ಎಂಟಿಪಿ ಸರ್ವರ್ಸ್' (ಎಸ್‌ಎಂಟಿಪಿ ಅಂದರೆ ಮೇಲ್ ಕಳಿಸುವ ನಿಯಮ) ತೆರೆದು ಹೊಸದನ್ನು ಸೇರಿಸಿ. ಹೋಸ್ಟ್ ಜಾಗದಲ್ಲಿ ನಿಮ್ಮ ಮೇಲ್ ಕಂಪನಿ ಕೊಟ್ಟ ಸರ್ವರ್ ಹೆಸರು. ಅದರ ಕೆಳಗೆ ಪೋರ್ಟ್ 25 ಅಂತ ಮೊದಲೇ ತುಂಬಿರುತ್ತದೆ. ಅದನ್ನು ಅಳಿಸಿ.

25 ಬಹಳ ಹಳೆಯ ಬಾಗಿಲು. 1982ರ ಎಸ್‌ಎಂಟಿಪಿ ನಿಯಮದ ಕಾಲದ್ದು. ಈಗ ಅದು ಒಂದು ಮೇಲ್ ಸರ್ವರ್ ಇನ್ನೊಂದು ಸರ್ವರಿಗೆ ಟಪಾಲು ದಾಟಿಸಲು ಇರುವುದು, ನಮ್ಮಂಥವರು ಮೇಲ್ ಒಪ್ಪಿಸಲು ಅಲ್ಲ. ಸ್ಪ್ಯಾಮ್ ಕಾಟಕ್ಕೆ ಎಷ್ಟೋ ಇಂಟರ್‌ನೆಟ್ ಕಂಪನಿಗಳು ಹೊರಹೋಗುವ 25ನ್ನು ತಡೆದಿರುತ್ತವೆ. ನಮಗೆ ಬೇಕಿರುವುದು 465 ಅಥವಾ 587.

ಈ ಎರಡರ ವ್ಯತ್ಯಾಸ ಒಮ್ಮೆ ಮನಸ್ಸಿಗೆ ಹತ್ತಿದರೆ ಮತ್ತೆ ತಪ್ಪುವುದಿಲ್ಲ. 465ರಲ್ಲಿ ಮೊದಲ ಮಾತಿನಿಂದಲೇ ಗುಟ್ಟು. ನಮ್ಮ ಕಡೆಯವರೇ ಮೊದಲು ಗೂಢಲಿಪಿಯಲ್ಲಿ ಮಾತು ತೆಗೆಯಬೇಕು. 587ರಲ್ಲಿ ಆ ಕಡೆಯ ಸರ್ವರ್ ಮೊದಲು ಬಯಲಲ್ಲೇ '220' ಅಂತ ನಮಸ್ಕಾರ ಹೇಳುತ್ತದೆ. ಆಮೇಲೆ ನಾವು 'ಸ್ಟಾರ್ಟ್‌ಟಿಎಲ್‌ಎಸ್' ಅಂದ ಮೇಲೆ ಗುಟ್ಟು ಶುರು.

ಹಾಗಾಗಿ 465 ಹಾಕಿದರೆ ಕೆಳಗೆ 'ಎಸ್‌ಎಸ್‌ಎಲ್' ಆರಿಸಿ. 587 ಹಾಕಿದರೆ 'ಸ್ಟಾರ್ಟ್‌ಟಿಎಲ್‌ಎಸ್'. ಅದಲುಬದಲು ಮಾಡಿದರೆ ಏನಾಗುತ್ತದೆ ನೋಡಿ. 587ಕ್ಕೆ ಎಸ್‌ಎಸ್‌ಎಲ್ ಹಾಕಿದರೆ ಬಯಲಲ್ಲಿ ಬಂದ ನಮಸ್ಕಾರವನ್ನು ಕೋಹಾ ಗೂಢಲಿಪಿ ಅಂತ ಓದಲು ಹೋಗುತ್ತದೆ. ಸರ್ವರಿನ ದಾಖಲೆಯಾದ ಲಾಗ್ ಫೈಲಿನಲ್ಲಿ 'ರಾಂಗ್ ವರ್ಷನ್ ನಂಬರ್' ಅಂತ ಬೀಳುತ್ತದೆ. ಆವೃತ್ತಿಗೂ ಇದಕ್ಕೂ ಸಂಬಂಧವಿಲ್ಲ, ಸುಮ್ನೆ ಕೋಹಾ ಅಪ್‌ಡೇಟ್ ಮಾಡಲು ಹೋಗಬೇಡಿ.

465ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಹಾಕುವ ತಪ್ಪು ಇನ್ನೂ ಕಷ್ಟದ್ದು. ಆ ಕಡೆಯವರು ಮಾತಾಡಲಿ ಅಂತ ಕೋಹಾ ಕಾಯುತ್ತದೆ. ಕೋಹಾ ಮಾತಾಡಲಿ ಅಂತ ಅವರು ಕಾಯುತ್ತಾರೆ. ಕೋಹಾದ ಟೈಮ್‌ಔಟ್ 120 ಸೆಕೆಂಡ್. ಎರಡು ನಿಮಿಷ ಮೌನ, ಆಮೇಲೆ 'ಟೈಮ್ಡ್ ಔಟ್'. ನೆಟ್‌ವರ್ಕಿನ ಕಾವಲುಗಾರ ಫೈರ್‌ವಾಲ್ ತಡೆದಾಗಲೂ ಹೀಗೇ ಕಾಣುತ್ತದಲ್ವಾ? ಅದಕ್ಕೇ ಗ್ರಂಥಪಾಲಕರು ನೆಟ್‌ವರ್ಕ್ ವಿಭಾಗಕ್ಕೆ ಪತ್ರದ ಮೇಲೆ ಪತ್ರ ಬರೆಯುತ್ತಾರೆ. ಅವರು 'ನಮ್ಮ ಕಡೆ ಎಲ್ಲ ಸರಿ ಇದೆ' ಅನ್ನುತ್ತಾರೆ. ಅವರು ಹೇಳುವುದೂ ಸರಿಯೇ.

ನನ್ನ ಮಾತು ಕೇಳುವುದಾದರೆ 465 ಮತ್ತು ಎಸ್‌ಎಸ್‌ಎಲ್ ಜೋಡಿಯನ್ನೇ ಮೊದಲು ಹಾಕಿ. ಒಂದಕ್ಷರವೂ ಬಯಲಲ್ಲಿ ಹೋಗುವುದಿಲ್ಲ, 2018ರ ಇಂಟರ್‌ನೆಟ್ ಮಾನದಂಡವೂ ಇದನ್ನೇ ಮೇಲು ಅನ್ನುತ್ತದೆ. ಜಿಮೇಲ್, ಜೋಹೊ ಎರಡಕ್ಕೂ ಇದು ನಡೆಯುತ್ತದೆ. ಕಾಲೇಜಿನದು ಮೈಕ್ರೋಸಾಫ್ಟ್ 365 ಆದರೆ 587 ಒಂದೇ ದಾರಿ.

ಫೈರ್‌ವಾಲ್

ಜೋಡಿ ಸರಿ ಇದ್ದೂ ಟೈಮ್‌ಔಟ್ ಬಂದರೆ ಆಗ ಫೈರ್‌ವಾಲ್ ನೋಡಿ. ಕೋಹಾ ಇರುವ ಸರ್ವರಿನಿಂದಲೇ ಮೇಲ್ ಹೋಸ್ಟಿನ ಆ ಪೋರ್ಟಿಗೆ ಟೆಲ್‌ನೆಟ್ (ಬಾಗಿಲು ತೆರೆದಿದೆಯೇ ಅಂತ ತಟ್ಟಿ ನೋಡುವ ಕಮಾಂಡ್) ಮಾಡಿ. ನಿಮ್ಮ ಲ್ಯಾಪ್‌ಟಾಪಿನಿಂದ, ಅದೂ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. 587ಕ್ಕೆ '220' ಸಾಲು ಬರಬೇಕು. 465ಕ್ಕೆ 'ಕನೆಕ್ಟೆಡ್' ಅಂತ ಬಂದು ಖಾಲಿ ನಿಂತರೆ ಸಾಕು, ದಾರಿ ತೆರೆದಿದೆ.

ದಾರಿ ಮುಚ್ಚಿದ್ದರೆ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ: ಕೋಹಾ ಸರ್ವರಿನಿಂದ ಹೊರಕ್ಕೆ, ಇಂಥ ಹೋಸ್ಟ್‌ಗೆ, ಟಿಸಿಪಿ 465. 'ಹೊರಕ್ಕೆ' ಅನ್ನುವುದಕ್ಕೆ ಅಡಿಗೆರೆ ಹಾಕಿ. ಒಂದು ಕಡೆ ರೂಟರಿನಲ್ಲಿ ಒಳಕ್ಕೆ ಬರುವ 25ನ್ನೇ ತೆರೆದಿಟ್ಟಿದ್ದರು. ಮೇಲ್ ಕಳಿಸಲು ಅದು ಬೇಡವೇ ಬೇಡ, ಹೊರಗಿನವರು ಬಡಿಯಲು ಒಂದು ಬಾಗಿಲು ಕೊಟ್ಟಂತೆ ಆಗುತ್ತದೆ ಅಷ್ಟೇ. ಈ ತಾಪತ್ರಯ ತಪ್ಪಿಸಲು ನಮ್ಮ ಮೇಲ್ ತೆಗೆದುಕೊಂಡು ಮುಂದಕ್ಕೆ ದಾಟಿಸುವ ಯಾವುದೋ ಪುಕ್ಕಟೆ ರಿಲೇ ಸೇವೆಗೆ ಸೇರುವವರಿದ್ದಾರೆ. ದಯವಿಟ್ಟು ಬೇಡ. ಹುಡುಗರ ಹೆಸರು, ವಿಳಾಸ, ಅವರು ಓದುವ ಪುಸ್ತಕ ಎಲ್ಲ ಆ ಮೇಲ್‌ನಲ್ಲಿರುತ್ತದೆ.

ಕೊನೆಯ ಕೆಲಸಗಳು

'ಲೈಬ್ರರೀಸ್' ಪುಟದಲ್ಲಿ ನಿಮ್ಮ ಲೈಬ್ರರಿಯನ್ನು ಎಡಿಟ್ ಮಾಡಿ, ಎಸ್‌ಎಂಟಿಪಿ ಸರ್ವರ್ ಜಾಗದಲ್ಲಿ ಹೊಸದನ್ನು ಆರಿಸಿ. ಸೇರಿಸಿದ ಮಾತ್ರಕ್ಕೆ ಅದು ಜಾರಿಗೆ ಬಂತು ಅಂದುಕೊಳ್ಳಬೇಡಿ. ಅಲ್ಲೇ ಲೈಬ್ರರಿಯ ಮೇಲ್ ವಿಳಾಸವೂ ಇದೇ ಖಾತೆಯದಾಗಿರಲಿ.

ನಿಮ್ಮದೇ ಸದಸ್ಯತ್ವಕ್ಕೆ ಒಂದು ಪುಸ್ತಕ ಕೊಟ್ಟುಕೊಂಡು ಚೆಕ್‌ಔಟ್ ನೋಟಿಸ್ ಹುಟ್ಟಿಸಿ, 15 ನಿಮಿಷ ಬಿಟ್ಟು ನೋಡಿ. '535' ದೋಷ ಬಂದರೆ ಪೋರ್ಟ್ ಸರಿಯಾಗಿದೆ, ಪಾಸ್‌ವರ್ಡ್ ತಪ್ಪಾಗಿದೆ. 'ಸೆಂಟ್' ಅಂತ ಬಂದು ಮೇಲೂ ಕೈಸೇರಿದರೆ, ಎಸ್‌ಎಂಟಿಪಿ ಸರ್ವರ್ ಪುಟದಲ್ಲಿ ಪರೀಕ್ಷೆಗೆ ಅಂತ 'ಡಿಬಗ್ ಮೋಡ್' ಆನ್ ಮಾಡಿದ್ದರೆ ಅದನ್ನು ಆಫ್ ಮಾಡಿ. ಅದು ಆನ್ ಇರುವಷ್ಟು ದಿನ ಸರ್ವರ್ ಜೊತೆಗಿನ ಮಾತುಕತೆಯೆಲ್ಲ ಲಾಗ್ ಫೈಲಿನಲ್ಲಿ ಕೂರುತ್ತಿರುತ್ತದೆ.