ನಮ್ಮೂರ ಕೆರೆಯ ಅಳತೆ ಪುಸ್ತಕ ಕೇಳಿದ್ದು

ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಅರ್ಜಿ ಬರೆದುಕೊಡುವುದೇ ಹೊಟ್ಟೆಪಾಡು. ಪಹಣಿ ತಿದ್ದುಪಡಿ, ವೃದ್ಧಾಪ್ಯ ವೇತನ, ಜಾತಿ ಪ್ರಮಾಣಪತ್ರ, ಎಲ್ಲ ಬರೆದಿದ್ದೇನೆ. ಮಾಹಿತಿ ಹಕ್ಕಿನ ಅರ್ಜಿ ಬರೆಯುವುದನ್ನು ಮಾತ್ರ ನನಗೆ ಕಲಿಸಿದ್ದು ನಮ್ಮೂರ ಕೆರೆ.

ಏರಿಗೆ ಕಲ್ಲು ಕಟ್ಟಿ ಒಂದೇ ಮಳೆಗಾಲ ಕಳೆದಿತ್ತು. ತೂಬಿನ ಪಕ್ಕದ ಕಲ್ಲುಗಳು ಆಗಲೇ ಜಾರಿ ನೀರಿಗೆ ಬಿದ್ದಿದ್ದವು. ಸಿಟ್ಟಿನಲ್ಲಿ ಎರಡು ಪುಟ ಬರೆದು ಕೊಟ್ಟೆ: ಕೆಲಸ ಯಾಕೆ ಕಳಪೆಯಾಯಿತು, ದುಡ್ಡು ಎಲ್ಲಿ ಹೋಯಿತು, ಯಾವಾಗ ಸರಿಮಾಡುತ್ತೀರಿ. ತಿಂಗಳೊಳಗೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬಂತು. ಅರ್ಜಿ ಪ್ರಶ್ನೆಗಳ ರೂಪದಲ್ಲಿದೆ, 150 ಪದ ಮೀರಿದೆ, ಆದ್ದರಿಂದ ಮುಕ್ತಾಯಗೊಳಿಸಲಾಗಿದೆ. ನನಗೆ ಹಿಡಿಸಲಿಲ್ಲ, ಆದರೆ ಕಾಯ್ದೆ ತೆರೆದು ಓದಿದಾಗ ತಪ್ಪಿನ ಪಾಲು ನನ್ನದೂ ಇತ್ತು. 2005ರ ಕಾಯ್ದೆ ನಮಗೆ ಕೊಡಿಸುವುದು ಕಚೇರಿಯ ವಶದಲ್ಲಿ ಇರುವ ದಾಖಲೆಯನ್ನು. ‘ಯಾಕೆ’ ಎಂಬುದಕ್ಕೆ ಕಡತದಲ್ಲಿ ಉತ್ತರ ಬರೆದಿಲ್ಲದಿದ್ದರೆ ಅಧಿಕಾರಿ ಹೊಸದಾಗಿ ಬರೆದುಕೊಡಬೇಕಿಲ್ಲ. ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ ಎಂಬುದು ಕರ್ನಾಟಕದ ನಿಯಮದಲ್ಲೇ ಇದೆ.

ಹಾಗಾದರೆ ಕೆರೆ ಕೆಲಸಕ್ಕೆ ಯಾವ್ಯಾವ ಕಾಗದ ಹುಟ್ಟುತ್ತದೆ? ನಿವೃತ್ತ ವರ್ಕ್ ಇನ್ಸ್‌ಪೆಕ್ಟರ್ ಒಬ್ಬರು ದಿನಾ ಪೇಪರ್ ಓದಲು ನನ್ನ ಅಂಗಡಿಗೆ ಬರುತ್ತಿದ್ದರು. ಅವರು ಬೆರಳು ಮಡಚುತ್ತಾ ಹೇಳಿದರು: ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ, ಕರಾರು, ಅಳತೆ ಪುಸ್ತಕ (ಎಂ.ಬಿ.), ಬಿಲ್ಲು. "ಎಂ.ಬಿ. ಒಂದು ಸಿಕ್ಕಿದ್ರೆ ಸಾಕಪ್ಪ, ಮಿಕ್ಕಿದ್ದೆಲ್ಲ ಅದೇ ಹೇಳುತ್ತೆ" ಅಂದರು. ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಎತ್ತರ ಬರೆದು ಎಂಜಿನಿಯರ್ ಸಹಿ ಹಾಕದೆ ಬಿಲ್ಲು ಆಗುವುದಿಲ್ಲವಂತೆ. ಈ ಸಲ ಅರ್ಜಿಯಲ್ಲಿ ಪ್ರಶ್ನೆಯೇ ಇರಲಿಲ್ಲ. ಕಾಮಗಾರಿಯ ಹೆಸರು, ವರ್ಷ, ಬೇಕಾದ ದಾಖಲೆಗಳ ಹೆಸರು, ‘ದೃಢೀಕೃತ ನಕಲು ಕೊಡಿ, ಮೂಲ ಕಡತ ಪರಿಶೀಲನೆಗೂ ಅವಕಾಶ ಕೊಡಿ’, ಇಷ್ಟೇ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಕಚೇರಿಯ ಟಪಾಲು ವಿಭಾಗದಲ್ಲಿ ಮೊಹರು ಹಾಕಿಸಿ ಸ್ವೀಕೃತಿ ತೆಗೆದುಕೊಂಡೆ. ದಿನದ ಲೆಕ್ಕಕ್ಕೆಲ್ಲ ಆ ಮೊಹರೇ ಆಧಾರ.

ಸಿಕ್ಕಿದ್ದು ಮತ್ತೊಂದು ಹಿಂಬರಹ. ಕಡತದಲ್ಲಿ ಗುತ್ತಿಗೆದಾರರ ವಿವರಗಳಿವೆ, ಅವರು ಮೂರನೇ ವ್ಯಕ್ತಿ, ಅವರಿಗೆ ನೋಟಿಸ್ ಕೊಟ್ಟಿದ್ದೇವೆ, ಅವರು ಆಕ್ಷೇಪಿಸಿದ್ದಾರೆ, ಆದ್ದರಿಂದ ಕಲಂ 8(1)(ಡಿ) ಪ್ರಕಾರ ಗೌಪ್ಯ. ಈ ಕಾಗದ ಕಂಡರೆ ಬಹಳ ಜನ ಅಲ್ಲಿಗೇ ಕೈಬಿಡುತ್ತಾರೆ. ನಾನೂ ಒಂದು ವಾರ ಅದನ್ನು ಡ್ರಾಯರಿನಲ್ಲಿಟ್ಟು ಸುಮ್ಮನಿದ್ದೆ.

ಆಮೇಲೆ ಒಂದೊಂದೇ ಕಲಂ ಬಿಡಿಸಿ ಓದಿದೆ. ಕಲಂ 11ರಲ್ಲಿ ಮೂರನೇ ವ್ಯಕ್ತಿಯ ಮಾತು ಕೇಳಬೇಕು ಎಂದಿದೆ, ಆತ ಬೇಡವೆಂದರೆ ಕೊಡಲೇಬಾರದು ಎಂದಿಲ್ಲ. ತೀರ್ಮಾನ ಅಧಿಕಾರಿಯದೇ. 8(1)(ಡಿ) ಕಾಪಾಡುವುದು ವ್ಯಾಪಾರದ ಗುಟ್ಟನ್ನು, ಅದೂ ಹೊರಬಿದ್ದರೆ ಆತನ ಸ್ಪರ್ಧೆಗೆ ಪೆಟ್ಟು ಬೀಳುವಂತಿದ್ದರೆ. ಕೆಲಸ ಮುಗಿದು, ಬಿಲ್ಲು ಪಾವತಿಯಾಗಿ, ಕಲ್ಲೂ ಜಾರಿದ ಮೇಲೆ ಯಾವ ಸ್ಪರ್ಧೆ? ಅಳತೆ ಬರೆದವರೂ ಸರ್ಕಾರದ ಎಂಜಿನಿಯರೇ. ಕಲಂ 10 ಓದಿದ ಮೇಲಂತೂ ನನ್ನ ಅಂಜಿಕೆ ಪೂರ್ತಿ ಹೋಯಿತು. ಕಡತದಲ್ಲಿ ಮುಚ್ಚಿಡಬೇಕಾದ ಭಾಗ ಇದ್ದರೆ ಅಷ್ಟನ್ನು ತೆಗೆದು ಉಳಿದದ್ದನ್ನು ಕೊಡಬೇಕು ಎಂದು ಅಲ್ಲಿ ಬರೆದಿದೆ. ನಾಲ್ಕು ಸಾಲಿಗಾಗಿ ಇಡೀ ಕಡತವನ್ನು ಬೀರುವಿನಲ್ಲಿಡಲು ಕಾಯ್ದೆಯೇ ಬಿಡುವುದಿಲ್ಲ.

ಹಿಂಬರಹ ತಲುಪಿದ 30 ದಿನದೊಳಗೆ ಪ್ರಥಮ ಮೇಲ್ಮನವಿ ಹಾಕಬೇಕು. ಹಾಕಿದೆ. ವಿಚಾರಣೆಯ ದಿನ ಮೇಲಧಿಕಾರಿ, "ನಿಮಗೆ ಗುತ್ತಿಗೆದಾರರ ಮೇಲೇನಾದ್ರೂ ದ್ವೇಷ ಇದೆಯಾ?" ಎಂದು ಕೇಳಿದರು. "ಇಲ್ಲ ಸಾರ್. ಮಾಹಿತಿ ಯಾಕೆ ಬೇಕು ಅಂತ ಹೇಳೋ ಅಗತ್ಯ ಇಲ್ಲ ಅಂತ ಕಲಂ 6(2)ರಲ್ಲಿದೆ, ಆದ್ರೂ ಹೇಳ್ತೀನಿ, ಆ ಕೆರೆ ನೀರಲ್ಲೇ ನಮ್ಮ ಗದ್ದೆ ಬೆಳೆಯೋದು" ಅಂದೆ. ಧ್ವನಿ ನಡುಗುತ್ತಿತ್ತು. ಹದಿನೈದು ದಿನಕ್ಕೆ ಆದೇಶ ಬಂತು: ಕೊಡಿ. ಮೊದಲು ಗಡುವು ಮೀರದೆ ಉತ್ತರ ಕೊಟ್ಟಿದ್ದರಿಂದ ಪುಟಕ್ಕೆ 2 ರೂಪಾಯಿಯಂತೆ ಕಟ್ಟಿದೆ. ಗಡುವು ದಾಟಿಸಿದ್ದರೆ ಉಚಿತವಾಗಿ ಕೊಡಬೇಕಿತ್ತು.

ಕಟ್ಟು ಬಿಚ್ಚಿದಾಗ ಬೇರೆಯದೇ ಕಳವಳ. ಬಿಲ್ಲಿನ ಜೊತೆ ಗುತ್ತಿಗೆದಾರನ ಪ್ಯಾನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಆಧಾರ್, ಮನೆ ವಿಳಾಸ, ಎಲ್ಲವೂ ಹಾಗೇ ಇದ್ದವು. ಏನನ್ನೂ ಕೊಡುವುದಿಲ್ಲ ಎಂದಿದ್ದ ಕಚೇರಿ ಕೊಡುವಾಗ ಮುಚ್ಚಬೇಕಾದ್ದನ್ನೂ ಮುಚ್ಚಿರಲಿಲ್ಲ. ಗೌಪ್ಯತೆ ನಿಜವಾಗಿ ಬೇಕಿದ್ದದ್ದು ಅಲ್ಲೇ. ಗ್ರಾಮಸಭೆಗೆ ಒಯ್ಯುವ ಮುನ್ನ ಆ ಸಾಲುಗಳ ಮೇಲೆ ದಪ್ಪ ಮಾರ್ಕರ್ ಎಳೆದು, ಆ ಪುಟಗಳನ್ನು ಮತ್ತೆ ಜೆರಾಕ್ಸ್ ಮಾಡಿದೆ. ಮಾರ್ಕರ್ ಹಚ್ಚಿದ ಹಾಳೆಯನ್ನೇ ಕೊಟ್ಟರೆ ಬೆಳಕಿಗೆ ಹಿಡಿದಾಗ ಅಕ್ಷರ ಕಾಣುತ್ತದೆ, ಎರಡನೇ ನಕಲಿನಲ್ಲಿ ಕಾಣುವುದಿಲ್ಲ. ಊರ ದೊಡ್ಡಪ್ಪನೊಬ್ಬರು, "ಅದ್ಯಾಕೆ ಮುಚ್ಚಿದ್ಯೋ?" ಎಂದು ರೇಗಿದರು. "ಅವರ ಅಕೌಂಟ್ ನಂಬರ್ ಇಟ್ಕೊಂಡು ನಮಗೇನಾಗ್ಬೇಕು ದೊಡ್ಡಪ್ಪ, ನಮಗೆ ಬೇಕಿರೋದು ಕಲ್ಲಿನ ಲೆಕ್ಕ" ಅಂದೆ.

ಎಲ್ಲರೂ ಏರಿ ಮೇಲೆ ಟೇಪು ಹಿಡಿದೆವು. ಪುಸ್ತಕದಲ್ಲಿ 180 ಮೀಟರ್, ನೆಲದ ಮೇಲೆ 110. ಕರಾರಿನ ಪ್ರಕಾರ ಗುತ್ತಿಗೆದಾರ ದುರಸ್ತಿ ಮಾಡಿಕೊಡಬೇಕಾದ ಅವಧಿ ಇನ್ನೂ ಮುಗಿದಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಉಳಿದ ಕಲ್ಲು ಬಂತು.

ಅಂದಿನಿಂದ ಬೇರೆಯವರಿಗೂ ಬರೆದುಕೊಡುತ್ತಿದ್ದೇನೆ. ಈಗ ದಾರಿ ಇನ್ನಷ್ಟು ಇಕ್ಕಟ್ಟಾಗಿದೆ. ಮೊದಲು ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬೇಕಾದರೆ ಅದು ಸಾರ್ವಜನಿಕ ಕೆಲಸಕ್ಕೆ ಸಂಬಂಧಪಡದ್ದು, ಇಲ್ಲವೇ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವಂಥದ್ದು ಎಂದು ತೋರಿಸಬೇಕಿತ್ತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ವೈಯಕ್ತಿಕ ಮಾಹಿತಿಯ ಕಲಂ 8(1)(ಜೆ)ಗೆ ಆದ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದು, ಆ ಷರತ್ತುಗಳೆಲ್ಲ ಹೋದವು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಮಾತೂ ಹೋಯಿತು. ನನಗೆ ಅದರ ಬಗ್ಗೆ ತುಂಬಾ ಸಂಕಟವಿದೆ. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎನ್ನುವ 8(2) ಮಾತ್ರ ಉಳಿದಿದೆ. ಈಗ ಪ್ರತಿ ಅರ್ಜಿಯ ಕೊನೆಗೂ, ಹಿತ ಏನೆಂದು ಒಂದು ಸಾಲಿನಲ್ಲಿ ಹೇಳಿ ಅದನ್ನು ಸೇರಿಸುತ್ತೇನೆ.

ಕಳೆದ ವಾರ ಒಬ್ಬ ಅಕ್ಕ ಹಿಂಬರಹ ಹಿಡಿದು ಬಂದಿದ್ದರು. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಕೇಳಿದ್ದಕ್ಕೆ ‘ವೈಯಕ್ತಿಕ ಮಾಹಿತಿ’ ಎಂದು ಬರೆದು ಕಳಿಸಿದ್ದಾರೆ. "ಅಣ್ಣ, ನನ್ನ ಹೆಸರು ಯಾಕೆ ಬಿಟ್ಟೋಯ್ತು ಅಂತ ನೋಡ್ಬೇಕಿತ್ತು ಅಷ್ಟೇ" ಅಂದರು. ಸಹಾಯಧನ ಪಡೆದವರ ವಿವರವನ್ನು ಯಾರೂ ಕೇಳದಿದ್ದರೂ ಕಚೇರಿಯೇ ಪ್ರಕಟಿಸಬೇಕು ಎಂದು ಕಲಂ 4(1)(ಬಿ)ಯ ಹನ್ನೆರಡನೇ ಅಂಶ ಹೇಳುತ್ತದೆ. ಆಧಾರ್ ಮತ್ತು ಖಾತೆ ಸಂಖ್ಯೆ ಮುಚ್ಚಿ ಉಳಿದದ್ದನ್ನು ಕೊಡಿ ಎಂದು ಮೇಲ್ಮನವಿ ಟೈಪು ಮಾಡಿದ್ದೇನೆ. ಸೋಮವಾರ ಅವರು ಬಂದು ಸಹಿ ಹಾಕಿದರೆ ಟಪಾಲಿಗೆ ಇಬ್ಬರೂ ಹೋಗುತ್ತೇವೆ.