ನಾಲಗೆಯ ಬಿಳಿ ಪದರ: ಉಜ್ಜುವ ಮೊದಲು ಜೊಲ್ಲಿನ ಕಡೆ ನೋಡಿ

ಬಾಯಲ್ಲಿ ಉರಿ ಎಂದರೆ ಸಾಕು, ಮೆಡಿಕಲ್ ಶಾಪಿನಲ್ಲಿ ಬಿ-ಕಾಂಪ್ಲೆಕ್ಸ್ ಮಾತ್ರೆ ಕೈಗೆ ಬರುತ್ತದೆ. ಆದರೆ ಉರಿಗೂ ನಾಲಗೆಯ ಬಿಳಿ ಪದರಕ್ಕೂ ಫಂಗಸ್ ಸೋಂಕು ಕಾರಣವಾಗಿದ್ದರೆ ಅದು ಮದ್ದಲ್ಲ. ಈ ಸೋಂಕು ತರುವ ಕ್ಯಾಂಡಿಡಾ ಎಂಬ ಯೀಸ್ಟ್ (ಒಂದು ಬಗೆಯ ಫಂಗಸ್) ಆರೋಗ್ಯವಂತರ ಬಾಯಲ್ಲೂ ತಂಟೆಯಿಲ್ಲದೆ ಇರುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವುದು ಜೊಲ್ಲು. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಗೆಯಡಿ ಇರುವ ಮೂರು ಜೋಡಿ ಗ್ರಂಥಿಗಳೇ ಮುಖ್ಯವಾಗಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿಸುತ್ತವೆ. ಅದು ಯೀಸ್ಟನ್ನು ತೊಳೆದು ಸಾಗಿಸುತ್ತದೆ, ಕೊಲ್ಲುವ ಪ್ರೋಟೀನುಗಳೂ ಅದರಲ್ಲಿವೆ. ಬಾಯಿ ಒಣಗಿತೋ, ಯೀಸ್ಟಿಗೆ ಹಬ್ಬ.

ಮೊದಲು ಒಳ್ಳೆಯ ಬೆಳಕಿನಲ್ಲಿ ಕನ್ನಡಿ ನೋಡಿ. ತೊಳೆದ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಬಿಳಿ ಭಾಗವನ್ನು ಮೆಲ್ಲಗೆ ಒರೆಸಿ. ಮೊಸರಿನ ಗರಣೆಯಂತೆ ಕಿತ್ತುಬಂದು ಅಡಿಯಲ್ಲಿ ಕೆಂಪಗೆ ಕಂಡರೆ ಫಂಗಸ್ ಇರಬಹುದು. ಜಪ್ಪಯ್ಯ ಅಂದರೂ ಬಿಡದಿದ್ದರೆ, ಅದರಲ್ಲೂ ಎಲೆ-ಅಡಿಕೆ, ತಂಬಾಕು, ಗುಟ್ಕಾ ಅಭ್ಯಾಸವಿದ್ದರೆ, ದಂತವೈದ್ಯರಿಗೆ ತೋರಿಸಲು ತಡಮಾಡಬೇಡಿ. ಕ್ಯಾನ್ಸರಿಗೆ ಮುಂಚಿನ ಮಚ್ಚೆಯೂ ಹೀಗೇ ಕಾಣುತ್ತದೆ. ಹಲ್ಲಿನ ಸೆಟ್ ಹಾಕುವವರಲ್ಲಿ ಫಂಗಸ್ಸಿನಿಂದ, ಬಿಳಿಯೇ ಇರದೆ ಸೆಟ್ಟಿನಡಿಯ ಅಂಗುಳ ಬರೀ ಕೆಂಪಾಗುವುದುಂಟು. ಬಾಯಿಯ ಮೂಲೆ ಬಿರಿಯುವುದೂ ಇದರದೇ ಗುರುತಾಗಿರಬಹುದು.

ಆಮೇಲೆ ಕಾರಣ ಹುಡುಕಿ. ಒಣ ಅವಲಕ್ಕಿ ನುಂಗಲು ನೀರು ಬೇಕೇ? ರಾತ್ರಿ ಎದ್ದೆದ್ದು ನೀರು ಕುಡಿಯುತ್ತೀರಾ? ಹಾಗಾದರೆ ಮಾತ್ರೆಗಳ ಡಬ್ಬಿ ತೆಗೆಯಿರಿ. ಕೆಲವು ಅಲರ್ಜಿ ಮಾತ್ರೆ, ಖಿನ್ನತೆಗೆ, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಜೊಲ್ಲನ್ನು ಬತ್ತಿಸುತ್ತವೆ. ತಾವಾಗಿಯೇ ನಿಲ್ಲಿಸದೆ, ಬದಲಿ ಇದೆಯೇ ಎಂದು ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಆಗಲಿ. ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಸೇದುವವರು ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು. ಇನ್‌ಹೇಲರಿಗೆ ಜೋಡಿಸುವ ಸ್ಪೇಸರ್ ಎಂಬ ಕೊಳವೆ ಬಳಸಿದರೆ ಇನ್ನೂ ಒಳ್ಳೆಯದು. ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದಿಡಿ, ಉಜ್ಜಿ ತೊಳೆಯಿರಿ. ಸೆಟ್ಟನ್ನು ಬಿಟ್ಟು ಬಾಯಿಗಷ್ಟೇ ಔಷಧಿ ಹಾಕಿದರೆ ಸೋಂಕು ಮರಳುತ್ತದೆ.

ವೈದ್ಯರು ಸಾಮಾನ್ಯವಾಗಿ ಫಂಗಸ್ಸಿನ ಔಷಧಿಗಳಾದ ಕ್ಲೋಟ್ರಿಮಝೋಲ್ ಅಥವಾ ನಿಸ್ಟಾಟಿನ್ ಕೊಡುತ್ತಾರೆ. ಊಟವಾದ ಮೇಲೆ ಹಚ್ಚಿ, ಅರ್ಧ ಗಂಟೆ ಏನೂ ತಿನ್ನಬೇಡಿ. ಬಿಳಿ ಮಾಯವಾಯಿತೆಂದು ನಡುವೆ ಬಿಡಬೇಡಿ. ನಿಸ್ಟಾಟಿನ್ ಜೊತೆಗೇ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬೇಡ, ಒಂದು ಇನ್ನೊಂದನ್ನು ಕೆಡಿಸುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಫಂಗಸ್ಸಿಗೆ ನುಂಗುವ ಫ್ಲುಕೊನಝೋಲ್‌ ಶುರುಮಾಡುವ ಮುಂಚೆ ಅದನ್ನು ವೈದ್ಯರಿಗೆ ಹೇಳಲೇಬೇಕು.

ಒಣಬಾಯಿಗೆ ಗುಟುಕು ಗುಟುಕಾಗಿ ನೀರು, ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಸಾಕು. ದಿನವಿಡೀ ನಿಂಬೆ ಚೀಪಿದರೆ ಹಲ್ಲಿನ ಎನಾಮಲ್ ಸವೆಯುತ್ತದೆ. ಊಟದ ಹೊತ್ತಿಗೇ ದವಡೆಯಡಿ ಊದಿ, ಆಮೇಲೆ ಇಳಿಯುತ್ತಿದ್ದರೆ ಜೊಲ್ಲಿನ ನಾಳದಲ್ಲಿ ಕಲ್ಲು ಕೂತಿರಬಹುದು. ಬಿಸಿ ಬಟ್ಟೆಯ ಶಾಖ ಕೊಟ್ಟು, ಹಿಂದಿನಿಂದ ಗದ್ದದ ಕಡೆಗೆ ಮೆಲ್ಲಗೆ ನೀವಿ, ವೈದ್ಯರಿಗೆ ತೋರಿಸಿ. ಊತದ ಜೊತೆ ಜ್ವರ ಬಂದರೆ, ಬಾಯೊಳಗೆ ಕೀವು ಒಸರಿದರೆ, ಇಲ್ಲವೇ ನುಂಗುವಾಗ ಎದೆಯಲ್ಲಿ ನೋವಾದರೆ ಅಂದೇ ಆಸ್ಪತ್ರೆಗೆ ಹೋಗಿ.